ಪಿಗ್ಮಿಯವರ ಒಟ್ಟಿಗೆ ನಾಲ್ಕು ಅಂಗಡಿ: ನಮ್ಮ ಭಾವನ ಶುಗರ್ ಪ್ರಕರಣ

ಇದು ನನ್ನ ಅಕ್ಕನ ಗಂಡನ ಪ್ರಕರಣ. ಅವರ ಒಪ್ಪಿಗೆ ತಗೊಂಡೇ ಬರೀತಿದ್ದೇನೆ, ಹೆಸರು ಮಾತ್ರ ಬೇಡ ಅಂದ್ರು, ಹಾಗಾಗಿ ಭಾವ ಅಂತಲೇ ಬರೀತೇನೆ. ನಾನು ಡಯಟೀಶಿಯನ್, ಹನ್ನೆರಡು ವರ್ಷದಲ್ಲಿ ಮಂಗಳೂರು ಉಡುಪಿ ಎರಡೂ ಕಡೆ ಕೆಲಸ ಮಾಡಿದ್ದೇನೆ, ಎಷ್ಟೋ ಜನರಿಗೆ ಚಾರ್ಟ್ ಬರ್ದು ಕೊಟ್ಟಿದ್ದೇನೆ, ಆದ್ರೆ ಒಂದು ಅಭ್ಯಾಸ ಹೇಗೆ ನಿಲ್ತದೆ, ಎಲ್ಲಿ ಬೀಳ್ತದೆ ಅಂತ ದಿನದಿನವೂ ಹತ್ತಿರದಿಂದ ನೋಡ್ಲಿಕ್ಕೆ ಸಿಕ್ಕಿದ್ದು ಇದೊಂದೇ. ಕ್ಲಿನಿಕ್ಕಿಗೆ ಬರುವವರು ತಿಂಗಳಿಗೊಮ್ಮೆ ಬರ್ತಾರೆ, ಮಧ್ಯದ ಇಪ್ಪತ್ತೊಂಬತ್ತು ದಿನ ಎಂತ ಆಯ್ತು ಅಂತ ನಮಗೆ ಗೊತ್ತಾಗುದೇ ಇಲ್ಲ. ಭಾವನ ಮನೆ ನಮ್ಮ ಮನೆಯಿಂದ ಎರಡು ಗೇಟ್ ಆಚೆ.

ಭಾವನಿಗೆ ಆಗ 49 ವರ್ಷ. ಉಡುಪಿ ಪೇಟೆಯಲ್ಲಿ, ರಥಬೀದಿಯಿಂದ ಸ್ವಲ್ಪ ಆಚೆ ದಿನಸಿ ಅಂಗಡಿ. ಬೆಳಿಗ್ಗೆ ಏಳೂವರೆಗೆ ಶಟರ್ ಎತ್ತಿದ್ರೆ ಒಂದೂವರೆಗೆ ಊಟಕ್ಕೆ ಮನೆ, ಒಂದು ಗಳಿಗೆ ನಿದ್ದೆ, ಮೂರೂವರೆಗೆ ಮತ್ತೆ ಅಂಗಡಿ, ರಾತ್ರಿ ಒಂಬತ್ತಕ್ಕೆ ಬಾಗಿಲು. ಅಷ್ಟು ಹೊತ್ತೂ ಗಲ್ಲಾದ ಹತ್ತಿರ ಸ್ಟೂಲಿನಲ್ಲಿ ಕೂತದ್ದೇ, ಸಾಮಾನು ತೆಗೆದು ಕೊಡ್ಲಿಕ್ಕೆ ಒಬ್ಬ ಹುಡುಗ ಇದ್ದಾನೆ. ತೂಕ 86 ಕೆಜಿ. ಅವರ ಅಮ್ಮನಿಗೂ ಶುಗರ್, ಹನ್ನೆರಡು ವರ್ಷದ ಹಿಂದೆ ಕಾಲಿನ ಒಂದು ಬೆರಳು ತೆಗಿಬೇಕಾಯ್ತು. ಹಾಗಾಗಿ ಭಾವನಿಗೆ ಇದು ಎಂತ ಕಾಯಿಲೆ ಅಂತ ಯಾರೂ ಹೊಸದಾಗಿ ಹೆದರಿಸಿ ಹೇಳ್ಬೇಕಾಗಿರ್ಲಿಲ್ಲ. ಇದನ್ನು ಮೊದಲೇ ಹೇಳ್ತೇನೆ ಯಾಕೆಂದ್ರೆ ಶುಗರ್ ಇದ್ದವರನ್ನು ನೋಡಿ ಜನ ಸುಲಭದಲ್ಲಿ ಅಂದು ಬಿಡ್ತಾರೆ, ಅವರಿಗೆ ಸೀರಿಯಸ್‌ನೆಸ್ ಇಲ್ಲ ಅಂತ. ಭಾವನಿಗೆ ಇತ್ತು, ಅಮ್ಮನ ಕಾಲಿಗೆ ಡ್ರೆಸ್ಸಿಂಗ್ ಮಾಡಿದ್ದು ಅವರೇ.

2023ರ ಡಿಸೆಂಬರಿನಲ್ಲಿ ಅವರ ಮೂರು ತಿಂಗಳ ಶುಗರ್, ಅಂದ್ರೆ ಎಚ್‌ಬಿಎ1ಸಿ, 8.1 ಬಂತು. 6.5 ಅಥವಾ ಅದಕ್ಕಿಂತ ಮೇಲೆ ಬಂದ್ರೆ ಡಯಾಬಿಟೀಸ್ ಅಂತ ಲೆಕ್ಕ. ಡಾಕ್ಟ್ರು ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ 500 ದಿನಕ್ಕೆರಡು ಬರ್ದು ಕೊಟ್ರು, ನಡೀಬೇಕು ಊಟ ನೋಡ್ಕೊಳ್ಬೇಕು ಅಂದ್ರು. ಭಾವ ಅವತ್ತೇ ತೀರ್ಮಾನ ಮಾಡಿದ್ರು, ಜನವರಿ 1ರಿಂದ ಜಿಮ್ಮು. 2024ರ ಜನವರಿ 1 ಸೋಮವಾರ ಬೇರೆ, ಹೊಸ ವರ್ಷ, ಹೊಸ ತಿಂಗಳು, ಹೊಸ ವಾರ ಎಲ್ಲ ಒಟ್ಟಿಗೇ ಬಂದಿತ್ತು, ಇದಕ್ಕಿಂತ ಒಳ್ಳೆ ದಿನ ಬೇಕಾ ಅಂದ್ರು. ವರ್ಷದ ಫೀಸು ಕಟ್ಟಿ ಶೂ ತಗೊಂಡ್ರು, ಬೆಳಿಗ್ಗೆ ಐದೂವರೆಗೆ ಅಲಾರಂ. ಹನ್ನೊಂದು ದಿನ ಒಂದೂ ತಪ್ಪಿಸದೆ ಹೋದ್ರು. ಅಷ್ಟರಲ್ಲಿ ಪರ್ಯಾಯ ಬಂತು. ಪರ್ಯಾಯ ಅಂದ್ರೆ ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ, 18ನೇ ತಾರೀಕಿಗೆ ಪುತ್ತಿಗೆ ಮಠದ್ದು, ಅದಕ್ಕೆ ವಾರ ಮೊದಲೇ ಊರು ತುಂಬಿರ್ತದೆ, ಹೊರೆಕಾಣಿಕೆ ಮೆರವಣಿಗೆ, ಮನೆಯಲ್ಲಿ ನೆಂಟರು, ಅಂಗಡಿಯಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ. ಒಂದು ದಿನ ತಪ್ಪಿತು, ಎರಡು ದಿನ ತಪ್ಪಿತು, ಪರ್ಯಾಯ ಮುಗಿಯಲಿ, ಸೋಮವಾರದಿಂದ ಸರಿಯಾಗಿ ಶುರು ಮಾಡ್ತೇನೆ ಅಂದ್ರು. ಆ ಸೋಮವಾರ ಅವರಿಗೆ ಸ್ವಲ್ಪ ಜ್ವರ. ಜಿಮ್ಮಿನ ಬ್ಯಾಗು ಕೋಣೆ ಬಾಗಿಲಿನ ಹಿಂದೆ ಕೊಕ್ಕೆಯಲ್ಲಿ ನೇತಾಡ್ತಾ ಇತ್ತು, ಅಕ್ಕ ಅದರ ಮೇಲಿನ ಧೂಳು ಒರೆಸಿದ್ದನ್ನು ನಾನು ಮಾರ್ಚಿನಲ್ಲಿ ನೋಡಿದೆ.

ಎರಡನೇ ಸಲ ತಪ್ಪು ನನ್ನದು. ಯುಗಾದಿ ಆದ ಮೇಲೆ ನಾನೇ ಚಾರ್ಟ್ ಮಾಡಿ ಕೊಟ್ಟೆ, 1400 ಕ್ಯಾಲರಿ, ಏಳು ದಿನಕ್ಕೆ ಏಳು ಕಾಲಂ, ಓಟ್ಸು, ಮೊಳಕೆ ಕಾಳು, ರಾತ್ರಿ ಅನ್ನ ಇಲ್ಲ, ಸಂಜೆ ಎಣ್ಣೆಯಲ್ಲಿ ಕರಿದ ಗೋಳಿಬಜೆ ಬಂದ್. ಭಾವ ಅದನ್ನು ಫ್ರಿಜ್ಜಿಗೆ ಅಂಟಿಸಿ ಒಂಬತ್ತು ದಿನ ಅಕ್ಷರ ಅಕ್ಷರ ಪಾಲಿಸಿದ್ರು. ಹತ್ತನೇ ದಿನ ಸಂಬಂಧಿಕರ ಗೃಹಪ್ರವೇಶ. ಬಾಳೆಲೆಯ ಮುಂದೆ ಕೂತಿದ್ದಾರೆ, ಬಡಿಸುವವರು ಹೋಳಿಗೆ ಹಿಡ್ಕೊಂಡು ಬಂದ್ರು, ಭಾವ ಕೈ ಅಡ್ಡ ಹಿಡಿದ್ರು, ಎಂತ ಮಾರಾಯ್ರೆ ಒಂದು ಹೋಳಿಗೆ ತಿಂದ್ರೆ ಎಂತ ಆಗ್ತದೆ ಅಂತ ಅವರು ಬಿಡ್ಲಿಲ್ಲ. ಒಂದು ತಿಂದ್ರು. ನಾನು ಎದುರು ಸಾಲಿನಲ್ಲೇ ಕೂತಿದ್ದೆ, ಆ ಒಂದು ಹೋಳಿಗೆ ಮುಗಿಯುವಷ್ಟರಲ್ಲಿ ಅವರ ಮುಖದಲ್ಲಿ ಎಂತದೋ ಸಡಿಲ ಆದದ್ದು ನನಗೆ ಕಂಡಿತು. ಆಮೇಲೆ ಅವರೇ ಕರೆದು ಇನ್ನೆರಡು ಹಾಕಿಸ್ಕೊಂಡ್ರು, ಪಾಯಸ ಎರಡು ಸಲ, ಹೊರಗೆ ಬಂದು ಐಸ್‌ಕ್ರೀಮು. ಇವತ್ತು ಹೇಗೂ ಹೋಯ್ತಲ್ಲ ಅಂದ್ರು. ಚಾರ್ಟ್ ಎರಡು ವಾರ ಹಾಗೇ ಫ್ರಿಜ್ಜಿನ ಮೇಲೆ ಇತ್ತು, ಆಮೇಲೆ ಒಂದಿನ ಇರ್ಲಿಲ್ಲ.

ಈ "ಹೇಗೂ ಹೋಯ್ತಲ್ಲ" ಅನ್ನುವ ಮಾತು ನನ್ನ ಕೆಲಸದಲ್ಲಿ ಅತಿ ಹೆಚ್ಚು ಕೇಳಿದ ಮಾತು, ಇದರ ಮೇಲೆ ಹಳೆಯ ಒಂದು ಪ್ರಯೋಗವೇ ಉಂಟು. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಮುಂದಿಟ್ರು, ರುಚಿ ನೋಡಿ ಹೇಳಿ, ಎಷ್ಟು ಬೇಕಾದ್ರೂ ತಿನ್ನಿ ಅಂತ. ಊಟದ ಬಗ್ಗೆ ಅಂಥ ಕಟ್ಟುಪಾಡು ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಕಡಿಮೆ ತಿಂದ್ರು, ಹೊಟ್ಟೆ ತುಂಬಿತ್ತಲ್ಲ. ಆದ್ರೆ ಯಾವಾಗ್ಲೂ ಡಯಟ್ ಅಂತ ತಮ್ಮನ್ನು ಬಿಗಿ ಹಿಡ್ಕೊಂಡಿದ್ದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಹೆಚ್ಚೇ ತಿಂದ್ರು. ಬೇಲಿ ಒಂದು ಕಡೆ ಮುರೀತು ಅಂದ ಮೇಲೆ ಇಡೀ ಗದ್ದೆಯನ್ನೇ ಬಿಟ್ಟ ಹಾಗೆ. ಭಾವನ ಬೇಲಿ ಕಟ್ಟಿದ್ದು ನಾನು, ಏಳು ಕಾಲಂನಲ್ಲಿ, ಒಂದು ಹೋಳಿಗೆಗೂ ಜಾಗ ಬಿಡದೆ. ಅದು ನನಗೆ ತುಂಬ ದಿನ ಮನಸ್ಸಿನಲ್ಲಿ ಕೊರೀತಾ ಇತ್ತು.

ಜೂನ್ 2024ರಲ್ಲಿ ಮತ್ತೆ ಟೆಸ್ಟ್ ಮಾಡಿಸಿದ್ರೆ 8.9. ಆರು ತಿಂಗಳಲ್ಲಿ ಎರಡು ಸಲ ಅಷ್ಟು ಶ್ರದ್ಧೆಯಿಂದ ಶುರು ಮಾಡಿ, ಅಷ್ಟು ದುಡ್ಡು ಖರ್ಚು ಮಾಡಿ, ನಂಬರು ಮೇಲೆ ಹೋಗಿತ್ತು. ಡಾಕ್ಟ್ರು ಮಾತ್ರೆ ಡೋಸು ಹೆಚ್ಚು ಮಾಡಿದ್ರು. ಇದನ್ನು ಇಲ್ಲಿ ನೆನಪಿಟ್ಕೊಳ್ಳಿ, ಮುಂದೆ ಲೆಕ್ಕ ಹೇಳುವಾಗ ಬೇಕಾಗ್ತದೆ. ಭಾವ ಎಂತ ಹೇಳಿದ್ರು ಅಂದ್ರೆ, ಮಳೆ ಬಿಡ್ಲಿ, ಈಗ ಎಲ್ಲಿ ನಡೆಯುದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿದು ಮುಗಿಯುವಂಥದ್ದು. ಅಷ್ಟು ಹೊತ್ತಿಗೆ ಅಷ್ಟಮಿ, ಚೌತಿ, ಆಮೇಲೆ ನವರಾತ್ರಿ, ಆಮೇಲೆ ದೀಪಾವಳಿ, ಅದಾದ್ರೆ ಮದುವೆ ಸೀಸನ್. ಒಳ್ಳೆ ದಿನಕ್ಕೆ ಕಾಯ್ತೇನೆ ಅಂತ ಹೊರಟ್ರೆ ನಮ್ಮ ಊರಿನ ಕ್ಯಾಲೆಂಡರಿನಲ್ಲಿ ಆ ದಿನ ಬರುದೇ ಇಲ್ಲ.

ಜೂನ್ 13, ಗುರುವಾರ. ನಾನು ಸಂಜೆ ಅಂಗಡಿಗೆ ಹೋದೆ, ಭಾವನಿಗೆ ಬುದ್ಧಿ ಹೇಳುವ ಅಂತಲೇ. ಹೊರಗೆ ಜೋರು ಮಳೆ. ನಾನು ಬಾಯಿ ಬಿಡುವ ಮೊದಲೇ ಪಿಗ್ಮಿಯವರು ಬಂದ್ರು, ಅಂದ್ರೆ ದಿನಾ ಅಂಗಡಿಗೆ ಬಂದು ಉಳಿತಾಯದ ದುಡ್ಡು ತಗೊಂಡು ಹೋಗುವ, ಒಂದು ಸೊಸೈಟಿಯ ಕಲೆಕ್ಷನ್ ಮಾಡುವವರು, ಐವತ್ತೈದರ ಮೇಲೆ ವಯಸ್ಸು, ಪ್ಯಾಂಟು ಮೊಣಕಾಲಿನವರೆಗೆ ಮಡಚಿದ್ದಾರೆ, ಕೊಡೆಯಿಂದ ನೀರು ಇಳೀತಾ ಉಂಟು, ರಸೀದಿ ಮಿಶಿನಿಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಭಾವ ಗಲ್ಲಾದಿಂದ ಒಂದು ಐವತ್ತರ ನೋಟು ತೆಗೆದ್ರು. ಇವತ್ತು ವ್ಯಾಪಾರ ಇಲ್ಲ, ಐವತ್ತು ಇರ್ಲಿ. ಅವರು ತೊಟ್ಟೆಯ ಮೇಲಿಂದಲೇ ಬಟನ್ ಒತ್ತಿದ್ರು, ಚೀಟಿ ಬಂತು, ಭಾವ ಚೀಟಿಯನ್ನು ಮೊಳೆಗೆ ಚುಚ್ಚಿದ್ರು. ಆ ಮೊಳೆಯಲ್ಲಿ ಬೆರಳುದ್ದ ಚೀಟಿ ಇತ್ತು.

ಎಷ್ಟು ವರ್ಷ ಆಯ್ತು ಭಾವ ಪಿಗ್ಮಿ ಕಟ್ಲಿಕ್ಕೆ ಶುರು ಮಾಡಿ ಅಂತ ಕೇಳಿದೆ. ಹದಿನಾಲ್ಕು ಅಂದ್ರು. ದಿನಾ ಇನ್ನೂರು ಕಟ್ಟುವ ಲೆಕ್ಕ, ಆದ್ರೆ ಕೆಲವು ದಿನ ನೂರು, ಕೆಲವು ದಿನ ಐವತ್ತು, ತಿಂಗಳಲ್ಲಿ ಐದಾರು ದಿನ ನಾಳೆ ಬನ್ನಿ ಅಂತ ಹೇಳುದು. ಮಗಳ ಇಂಜಿನಿಯರಿಂಗ್ ಸೇರುವ ಖರ್ಚು ಅದರಲ್ಲೇ ಆದದ್ದು. ನನಗೆ ಆಗ ಹೊಳೀತು. ಕೇಳಿದೆ, ನಾಳೆ ಬನ್ನಿ ಅಂದ ದಿನ ಅಕೌಂಟ್ ಕ್ಲೋಸ್ ಮಾಡ್ತೀರಾ ಭಾವ? ಅದೆಂಥದ್ದು ನೀನು ಹೇಳುದು ಅಂದ್ರು. ಮತ್ತೆ ಜನವರಿಯಲ್ಲಿ ಎರಡು ದಿನ ತಪ್ಪಿದ್ದಕ್ಕೆ ಜಿಮ್ಮು ಯಾಕೆ ಕ್ಲೋಸ್ ಮಾಡಿದ್ರಿ?

ಅವರು ಉತ್ತರ ಕೊಡ್ಲಿಲ್ಲ. ಚೀಟಿಯ ಮೊಳೆ ನೋಡ್ತಾ ಕೂತ್ರು.

ಪಿಗ್ಮಿ ಅಂದ್ರೆ ನಮ್ಮ ಉಡುಪಿಯದ್ದೇ ಸೊತ್ತು, ಹೊಸಬರಿಗೆ ಗೊತ್ತಿರ್ಲಿಕ್ಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ತಂತು. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಸಂಸ್ಥೆ ಅದು. ದಿನಕ್ಕೆ ಎರಡಾಣೆ ಇದ್ರೂ ಸಾಕು, ಜನ ಮನೆಬಾಗಿಲಿಗೆ ಬಂದು ತಗೊಂಡು ಹೋಗ್ತಿದ್ರು. ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿ ಹೋಯ್ತು, ಪಿಗ್ಮಿ ಮಾತ್ರ ನಮ್ಮ ಪೇಟೆಯ ಅಂಗಡಿ ಅಂಗಡಿಯಲ್ಲಿ ಇವತ್ತಿಗೂ ಉಂಟು. ದೊಡ್ಡ ಮೊತ್ತ ಆಗ್ಲಿ, ಆಮೇಲೆ ಬ್ಯಾಂಕಿಗೆ ಹೋಗುವ ಅಂತ ಕಾದು ಕೂತಿದ್ರೆ ಬೀಡಿ ಕಟ್ಟುವವರು, ಮೀನು ಮಾರುವವರು ಯಾರೂ ಒಂದು ಪೈಸೆ ಉಳಿಸ್ತಿರ್ಲಿಲ್ಲ, ಅದನ್ನು ತಿಳಿದು ಮಾಡಿದ ಯೋಜನೆ. ಕೈಗೆ ಬಂದಷ್ಟು, ಬಂದ ದಿನ. ಇದು ಭಾವನಿಗೆ ಯಾರೂ ಕಲಿಸ್ಬೇಕಾಗಿರ್ಲಿಲ್ಲ, ಹದಿನಾಲ್ಕು ವರ್ಷದಿಂದ ಕೈಯಲ್ಲೇ ಇದ್ದ ವಿದ್ಯೆ.

ಪಿಗ್ಮಿಯವರು ಎಲ್ಲ ಕೇಳಿಸ್ಕೊಂಡು ನಿಂತಿದ್ರು. ಬನ್ನಿ ಮಾರಾಯ್ರೆ, ಈ ಸಾಲು ಮುಗಿಯುವವರೆಗೆ ನನ್ನೊಟ್ಟಿಗೆ ಬನ್ನಿ, ನಾಲ್ಕು ಅಂಗಡಿ ಅಷ್ಟೆ ಅಂದ್ರು. ಭಾವ ನನ್ನ ಮುಖ ನೋಡಿದ್ರು, ಹುಡುಗನನ್ನು ಗಲ್ಲಾಕ್ಕೆ ಕೂರಿಸಿದ್ರು, ಕೊಡೆ ತಗೊಂಡು ಇಳಿದ್ರು. ನಾಲ್ಕು ಅಂಗಡಿಗೆ ಹೋಗಿ ಬರ್ಲಿಕ್ಕೆ ಹನ್ನೆರಡು ನಿಮಿಷ. ಶೂ ಇಲ್ಲ, ಟ್ರ್ಯಾಕ್ ಪ್ಯಾಂಟ್ ಇಲ್ಲ, ಸೋಮವಾರ ಅಲ್ಲ, ಪಂಚೆ ಕಟ್ಟಿದವರು ಹಾಗೇ ಹೋಗಿ ಬಂದ್ರು.

ಅವತ್ತು ರಾತ್ರಿ ಅವರ ಮನೆಯಲ್ಲಿ ಕೂತು ಒಂದು ಪುಸ್ತಕ ಮಾಡಿದೆವು, ಅಂಗಡಿಯ ಕಡದ ಪುಸ್ತಕದ ಹಾಗಿನದ್ದೇ ಉದ್ದ ಪುಸ್ತಕ. ಪಿಗ್ಮಿಯ ನಿಯಮವನ್ನೇ ನಡಿಗೆಗೂ ಇಟ್ಟದ್ದು. ಐದು ನಿಮಿಷ ನಡೆದ್ರೂ ಬರೀಬೇಕು. ನಡೆಯದ ದಿನ ಖಾಲಿ ಬಿಡ್ಲಿಕ್ಕಿಲ್ಲ, ಸೊನ್ನೆ ಅಂತ ಬರೀಬೇಕು, ಖಾಲಿ ಬಿಟ್ರೆ ಪುಸ್ತಕವೇ ನಿಂತು ಹೋಗ್ತದೆ. ಮತ್ತೆ, ನಿನ್ನೆಯ ಬಾಕಿ ಇವತ್ತು ತೀರಿಸ್ಲಿಕ್ಕಿಲ್ಲ. ಈ ಕೊನೆಯದ್ದನ್ನು ನಾವು ಮೊದಲ ದಿನವೇ ಇಟ್ಟದ್ದಲ್ಲ, ಹತ್ತು ದಿನ ಕಳೆದು ಪೆಟ್ಟು ತಿಂದು ಕಲ್ತದ್ದು. ಜೂನ್ 23 ಭಾನುವಾರ ಮಳೆ ಬಿಟ್ಟಿತ್ತು, ವಾರದಲ್ಲಿ ಎರಡು ಸೊನ್ನೆ ಆಗಿತ್ತು, ಭಾವನಿಗೆ ಸೊನ್ನೆ ಕಂಡ್ರೆ ಕಡ ಬಾಕಿ ಇದ್ದ ಹಾಗೆ, ಮಲ್ಪೆಯವರೆಗೆ ನಡ್ಕೊಂಡೇ ಹೋದ್ರು, ಒಂದು ಗಂಟೆ ಮೇಲೆ. ಬಸ್ಸಿನಲ್ಲಿ ಬಂದಿಳಿದಾಗ ಮೊಣಕಾಲು ಊದಿತ್ತು. ಸೋಮವಾರದಿಂದ ಗುರುವಾರದವರೆಗೆ ನಾಲ್ಕು ಸೊನ್ನೆ. ಎರಡು ಸೊನ್ನೆ ಅಳಿಸ್ಲಿಕ್ಕೆ ಹೋಗಿ ನಾಲ್ಕು ಬಂತು. ಆಮೇಲೆ ಆ ನಿಯಮವನ್ನು ಪುಸ್ತಕದ ಮೊದಲ ಪುಟದಲ್ಲಿ ಅವರೇ ದೊಡ್ಡ ಅಕ್ಷರದಲ್ಲಿ ಬರೆದ್ರು.

ಐದು ನಿಮಿಷದ ಬಗ್ಗೆ ನನಗೇ ಅನುಮಾನ ಇತ್ತು, ನಿಜ ಹೇಳ್ಬೇಕಂದ್ರೆ. ಹತ್ತು ನಿಮಿಷಕ್ಕಿಂತ ಕಡಿಮೆ ನಡೆದ್ರೆ ಲೆಕ್ಕಕ್ಕಿಲ್ಲ ಅಂತ ನಾವೇ ವರ್ಷಗಟ್ಟಲೆ ಹೇಳ್ತಾ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊಸ ಮಾರ್ಗಸೂಚಿ ಕೊಡುವಾಗ ಆ ಹತ್ತು ನಿಮಿಷದ ಷರತ್ತನ್ನೇ ತೆಗೆದು ಹಾಕಿತು. ವಾರಕ್ಕೆ 150ರಿಂದ 300 ನಿಮಿಷ ಒಳ್ಳೇದು ಅಂತ ಉಂಟು, ಆದ್ರೆ ಏನೂ ಮಾಡದೆ ಇರುದಕ್ಕಿಂತ ಸ್ವಲ್ಪ ಮಾಡಿದ್ರೂ ಒಳ್ಳೇದು ಅಂತ ಅದರಲ್ಲೇ ಸ್ಪಷ್ಟ ಹೇಳಿದ್ದಾರೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ಎಲ್ಲರ ಬಾಯಲ್ಲಿ ಉಂಟಲ್ಲ, ಅದೂ ಮೂಲದಲ್ಲಿ ಡಾಕ್ಟ್ರು ಹೇಳಿದ ಲೆಕ್ಕ ಅಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು, ಮಾನ್ಪೊಕೇ, ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅದರ ಅರ್ಥ. ಅಂಗಡಿಯಲ್ಲಿ ಕೂತ ಮನುಷ್ಯನಿಗೆ ಮೊದಲ ದಿನವೇ ಹತ್ತು ಸಾವಿರ ಹೇಳಿದ್ರೆ ಅವರು ಮೂರು ಸಾವಿರಕ್ಕೆ ಸೋತೆ ಅಂತ ಕೂತು ಬಿಡ್ತಾರೆ, ಆ ಮೂರು ಸಾವಿರವೇ ಅವರಿಗೆ ನಿನ್ನೆಗಿಂತ ದುಪ್ಪಟ್ಟು ಆಗಿದ್ರೂ.

ಇಪ್ಪತ್ತೊಂದನೇ ದಿನ ಭಾವ ಸ್ವಲ್ಪ ಬೇಜಾರಿನಲ್ಲಿ ಬಂದ್ರು. ಇಪ್ಪತ್ತೊಂದು ದಿನ ಮಾಡಿದ್ರೆ ಅಭ್ಯಾಸ ಆಗ್ತದೆ ಅಂತ ವಾಟ್ಸಾಪಿನಲ್ಲಿ ಬಂದಿತ್ತಂತೆ, ನನಗೆ ಇನ್ನೂ ಮನಸ್ಸಿಲ್ಲದ ಮನಸ್ಸಿನಲ್ಲೇ ಎದ್ದು ಹೋಗ್ಬೇಕು, ನನ್ನಲ್ಲೇ ಎಂತದೋ ಸರಿ ಇಲ್ಲ ಅಂದ್ರು. ನಾನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಅವರ ತಂಡ ಮಾಡಿದ ಅಧ್ಯಯನದ ಬಗ್ಗೆ ಹೇಳಿದೆ. 96 ಜನ, ಒಬ್ಬೊಬ್ಬರು ಒಂದೊಂದು ಸಣ್ಣ ಅಭ್ಯಾಸ ಆರಿಸಿ ದಿನಾ ಒಂದೇ ಸಂದರ್ಭದಲ್ಲಿ ಮಾಡ್ಬೇಕು, ಊಟದೊಟ್ಟಿಗೆ ಒಂದು ಹಣ್ಣು ತಿನ್ನುವಂಥದ್ದು. ಅದು ತನ್ನಿಂದ ತಾನೇ ಆಗುವ ಮಟ್ಟಕ್ಕೆ ಬರ್ಲಿಕ್ಕೆ ಹಿಡಿಯುದು ಅವರ ಅಂದಾಜಿನಲ್ಲಿ 18 ದಿನದಿಂದ 254 ದಿನದವರೆಗೆ, ಮಧ್ಯದ ಲೆಕ್ಕ 66 ದಿನ. ಮಧ್ಯದಲ್ಲಿ ಒಂದು ದಿನ ತಪ್ಪಿದ್ರೆ ಅಭ್ಯಾಸ ಬೇರು ಬಿಡುವುದಕ್ಕೆ ಅಂಥ ಪೆಟ್ಟೇನೂ ಬೀಳ್ಲಿಲ್ಲ ಅನ್ನುದೂ ಅದರಲ್ಲೇ ಉಂಟು. ಭಾವನಿಗೆ 254 ಕೇಳಿ ಗಾಬರಿ ಆಗ್ಬಹುದು ಅಂತ ನಾನು ಎಣಿಸಿದ್ದೆ, ಆದ್ರೆ ಅವರಿಗೆ ಅದೇ ಸಮಾಧಾನ ಆಯ್ತು. ಹಾಗಾದ್ರೆ ನನಗೆ ಇನ್ನೂ ಟೈಮ್ ಉಂಟು ಅಂದ್ರು.

ಜುಲೈಯಲ್ಲಿ ಇನ್ನೊಂದು ತೊಂದರೆ. ಒದ್ದೆ ಚಪ್ಪಲಿಯಲ್ಲೇ ಸಂಜೆಯೆಲ್ಲ ಕೂತು ಕಾಲ್ಬೆರಳ ಸಂದಿಯಲ್ಲಿ ಕೆಸರು ಹುಣ್ಣು ಆಯ್ತು. ಶುಗರ್ ಇದ್ದವರಿಗೆ ಇದು ಸಣ್ಣ ವಿಷಯ ಅಲ್ಲ, ನರದ ಸ್ಪರ್ಶ ಕಡಿಮೆ ಆಗಿರ್ತದೆ, ಗಾಯ ಬೇಗ ಒಣಗುದಿಲ್ಲ, ಅವರ ಅಮ್ಮನದ್ದೂ ಶುರುವಾದದ್ದು ಹೀಗೇ. ನಾನೇ ನಡಿಗೆ ನಿಲ್ಲಿಸಿದೆ, ಸೋಮವಾರದಿಂದ ಶನಿವಾರ ಆರು ಸೊನ್ನೆ. ಡಾಕ್ಟ್ರಿಗೆ ತೋರಿಸಿ ಮುಲಾಮು ಹಚ್ಚಿ ಒಣಗಿಸಿದ್ದು. ಆಮೇಲೆ ಅಂಗಡಿಯಲ್ಲಿ ಒಂದು ಹಳೆ ಟವೆಲ್, ಇನ್ನೊಂದು ಜೊತೆ ಒಣ ಚಪ್ಪಲಿ ಇಟ್ಟದ್ದು ಅಕ್ಕ. ಮಳೆಗಾಲದಲ್ಲಿ ನಡೆಯುವ ಶುಗರಿನವರೆಲ್ಲ ಇದನ್ನು ಮಾಡ್ಬೇಕು, ಬಂದ ಕೂಡ್ಲೆ ಬೆರಳ ಸಂದಿ ಒರೆಸಿ ಒಣಗಿಸುದು, ರಾತ್ರಿ ದೀಪದ ಬೆಳಕಿನಲ್ಲಿ ಪಾದದ ಅಡಿ ನೋಡುದು. ನಡಿಗೆಗಿಂತ ಮುಂಚೆ ಇದು.

ಊಟದ ವಿಷಯದಲ್ಲಿ ಈ ಸಲ ನಾನು ಚಾರ್ಟ್ ಕೊಡ್ಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕ ಅನ್ನ ಬಡಿಸುವ ಸೌಟು ನೋಡಿದೆ. ಭಾವ ಮಧ್ಯಾಹ್ನ ಮೂರು ಸೌಟು, ರಾತ್ರಿ ಮೂರು ಸೌಟು ಕುಚ್ಲಕ್ಕಿ ಅನ್ನ ಊಟ ಮಾಡ್ತಿದ್ರು. ಕುಚ್ಲಕ್ಕಿ ಆದ್ರೆ ಶುಗರ್ ಏರುದಿಲ್ಲ ಅಂತ ನಮ್ಮ ಕಡೆ ಒಂದು ನಂಬಿಕೆ ಉಂಟು, ಬೆಳ್ತಿಗೆ, ಅಂದ್ರೆ ಬಿಳಿ ಅಕ್ಕಿಗಿಂತ ಸ್ವಲ್ಪ ವಾಸಿ ಇರ್ಬಹುದು, ಆದ್ರೆ ಅನ್ನ ಅನ್ನವೇ. ರಾತ್ರಿಯದ್ದು ಮಾತ್ರ ಎರಡು ಸೌಟು ಮಾಡುವ ಅಂದೆ, ಆ ಖಾಲಿ ಜಾಗಕ್ಕೆ ತೊಂಡೆಕಾಯಿಯೋ ಹರಿವೆಯೋ ಪಲ್ಯ, ಅದನ್ನು ಮೊದಲು ತಿನ್ನುದು. ಅಷ್ಟೇ ಬದಲಾವಣೆ, ಒಂದು ತಿಂಗಳು. ಜೂನ್ ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ, ಮೀನು ಸಿಕ್ಕಿದ್ರೂ ರೇಟು ಕೇಳ್ಲಿಕ್ಕಿಲ್ಲ, ಹಾಗಾಗಿ ಹುರುಳಿ ಸಾರು, ಹೆಸರು ಕಾಳು ಗಸಿ ಜಾಸ್ತಿ ಮಾಡು ಅಂತ ಅಕ್ಕನಿಗೆ ಹೇಳಿದೆ. ಆಗಸ್ಟಿನಲ್ಲಿ ಬಂಗುಡೆ ಬಂದ ಮೇಲೆ ಹುರಿದದ್ದಕ್ಕಿಂತ ಪುಳಿಮುಂಚಿ, ಹುಳಿ ಖಾರದ ಸಾರು. ಗೋಳಿಬಜೆಗೆ ನಾನು ಕೈ ಹಾಕ್ಲಿಲ್ಲ. ಅದು ಅವರ ಸಂಜೆ, ಎದುರಿನ ಹೋಟೆಲಿನಿಂದ ಚಾದೊಟ್ಟಿಗೆ ಬರುವಂಥದ್ದು, ಅದನ್ನು ಕಿತ್ರೆ ಅವರಿಗೆ ನನ್ನ ಮೇಲೆ ಇರುವ ನಂಬಿಕೆಯೂ ಹೋಗ್ತದೆ. ಸೆಪ್ಟೆಂಬರಿನಲ್ಲಿ ಅವರೇ ಪ್ಲೇಟನ್ನು ಹುಡುಗನೊಟ್ಟಿಗೆ ಹಂಚ್ಕೊಳ್ಳಿಕ್ಕೆ ಶುರು ಮಾಡಿದ್ರು, ಯಾರೂ ಹೇಳಿದ್ದಲ್ಲ.

ಆಗಸ್ಟ್ ಕೊನೆಗೆ ಅಷ್ಟಮಿ. ಉಡುಪಿಯಲ್ಲಿ ಇದ್ದವರಿಗೆ ಗೊತ್ತು, ಅಷ್ಟಮಿ, ಮರುದಿನ ಮೊಸರುಕುಡಿಕೆಯ ವಿಟ್ಲಪಿಂಡಿ, ಮನೆಯಲ್ಲಿ ಚಕ್ಕುಲಿ, ಉಂಡೆ, ಡಬ್ಬ ಡಬ್ಬ. ನಾಲ್ಕು ದಿನ ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ, ಉಂಡೆ ಎಷ್ಟು ಅಂತ ಬರ್ದಿಲ್ಲ, ನಾನು ಕೇಳ್ಲೂ ಇಲ್ಲ. ಐದನೇ ದಿನ ಪುಸ್ತಕದಲ್ಲಿ 5 ಅಂತ ಉಂಟು. ನನಗೆ ಇಡೀ ಪ್ರಕರಣದಲ್ಲಿ ಅತಿ ದೊಡ್ಡ ನಂಬರು ಅದೇ, ಯಾಕೆಂದ್ರೆ ಮೊದಲಿನ ಭಾವ ಆಗಿದ್ರೆ ಆ ಜಾಗದಲ್ಲಿ ಚೌತಿ ಕಳೀಲಿ ಅಂತ ಇರ್ತಿತ್ತು. ಅದೇ ವಾರ ಒಂದಿನ ಪಿಗ್ಮಿಯವರು ಬರ್ಲಿಕ್ಕೆ ತಡ ಆಯ್ತು, ಏಳೂಕಾಲಾಯ್ತು, ಏಳೂವರೆ ಆಯ್ತು, ಭಾವ ಎರಡು ಸಲ ರಸ್ತೆ ನೋಡಿ ತಾವೇ ಕೊಡೆ ತಗೊಂಡು ಇಳಿದ್ರು ಅಂತ ಹುಡುಗ ಹೇಳಿದ. ಎಪ್ಪತ್ತೊಂಬತ್ತನೇ ದಿನ.

ತೊಂಬತ್ತು ದಿನಕ್ಕೆ, ಸೆಪ್ಟೆಂಬರ್ 10ಕ್ಕೆ, ಪುಸ್ತಕ ಕೂಡಿಸಿ ನೋಡಿದೆವು. ನಡೆದದ್ದು 61 ದಿನ, ಸೊನ್ನೆ 29. ಸೊನ್ನೆಯಲ್ಲಿ ಒಂಬತ್ತು ಭಾನುವಾರದ್ದು, ಅವತ್ತು ಪಿಗ್ಮಿಯವರು ಬರುದಿಲ್ಲ, ಕರೆಯುವವರು ಇಲ್ಲದಿದ್ರೆ ಅಭ್ಯಾಸ ಎಷ್ಟು ಬೇಗ ಜಾರ್ತದೆ ಅಂತ ಆ ಕಾಲಂ ನೋಡಿದ್ರೆ ಸಾಕು. 61ರಲ್ಲಿ 22 ದಿನ ಬರೀ ಐದು ನಿಮಿಷ, ಅಂಗಡಿ ಮುಂದಿನ ಶೀಟಿನ ಅಡಿಯಲ್ಲೇ ಆಚೆ ಈಚೆ. ವಾರಕ್ಕೆ ಸರಾಸರಿ ಐವತ್ತು ನಿಮಿಷದ ಹತ್ತಿರ, 150ರ ಮೂರನೇ ಒಂದು ಭಾಗ. ಶಾಲೆಯ ಪರೀಕ್ಷೆ ಆಗಿದ್ರೆ ಫೇಲ್. ರಕ್ತ ಪರೀಕ್ಷೆಯಲ್ಲಿ 8.9 ಇದ್ದದ್ದು 7.9.

ಇದರಲ್ಲಿ ಮಾತ್ರೆಯ ಪಾಲು ದೊಡ್ಡದು, ಜೂನಿನಲ್ಲಿ ಡೋಸು ಹೆಚ್ಚು ಮಾಡಿದ್ದನ್ನು ನಾನು ಮರ್ತಿಲ್ಲ, ಓದುವವರೂ ಮರೀಬಾರ್ದು. ನಡಿಗೆಗೆ ಎಷ್ಟು, ಸೌಟಿಗೆ ಎಷ್ಟು, ಮಾತ್ರೆಗೆ ಎಷ್ಟು ಅಂತ ಒಬ್ಬ ಮನುಷ್ಯನ ಪ್ರಕರಣದಲ್ಲಿ ಬೇರೆ ಬೇರೆ ಮಾಡಿ ಹೇಳ್ಲಿಕ್ಕೆ ಬರುದಿಲ್ಲ. ಆದ್ರೆ ಒಂದು ಹೇಳ್ತೇನೆ, ಚಾರ್ಟಿನ ಕಾಲದಲ್ಲಿ ಭಾವ ಮಾತ್ರೆಯನ್ನೂ ಬಿಡ್ತಿದ್ರು. ಹೋಳಿಗೆ ತಿಂದು ಕೆಟ್ಟ ಮೇಲೆ ಮಾತ್ರೆ ತಿಂದು ಎಂತ ಪ್ರಯೋಜನ ಅನ್ನುವ ಹಾಗೆ ಒಂದು ಮನಸ್ಸು, ಎಷ್ಟೋ ದಿನ ಮಾತ್ರೆಯ ಪಟ್ಟಿ ಹಾಗೇ ಉಳೀತಿತ್ತು ಅಂತ ಅಕ್ಕ ಆಮೇಲೆ ಹೇಳಿದ್ಲು. ಪುಸ್ತಕ ಶುರುವಾದ ಮೇಲೆ ಮಾತ್ರೆ ತಪ್ಪಿದ್ದು ಕಡಿಮೆ. ಎಲ್ಲ ಒಟ್ಟಿಗೆ ಬೀಳ್ತದೆ, ಎಲ್ಲ ಒಟ್ಟಿಗೆ ಏಳ್ತದೆ.

ಮತ್ತೆ ಆ ಟೆಸ್ಟಿನ ಗುಣವೇ ಹಾಗೆ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕ್ತದೆ, ಅಷ್ಟು ದಿನ ರಕ್ತದಲ್ಲಿ ಓಡಾಡುವ ಸಕ್ಕರೆ ಅದರ ಹಿಮೋಗ್ಲೋಬಿನ್‌ಗೆ ಸ್ವಲ್ಪ ಸ್ವಲ್ಪ ಅಂಟ್ತಾ ಹೋಗ್ತದೆ, ಎಚ್‌ಬಿಎ1ಸಿ ಅಳೆಯುದು ಆ ಅಂಟಿದ್ದನ್ನು. ಪಿಗ್ಮಿಯ ಪಾಸ್‌ಬುಕ್ಕಿನ ಹಾಗೆ, ಒಂದು ದಿನದ ಲೆಕ್ಕ ಅದಕ್ಕೆ ಬೇಡ, ಎರಡು ಮೂರು ತಿಂಗಳ ಒಟ್ಟು ಮೊತ್ತ ಬೇಕು. ಗೃಹಪ್ರವೇಶದ ಒಂದು ಹೋಳಿಗೆ ಆ ರಿಪೋರ್ಟಿನಲ್ಲಿ ಕಾಣುದಿಲ್ಲ, ಹೋಳಿಗೆಯ ನಂತರ ಬಿಟ್ಟ ಹದಿನೈದು ದಿನ ಕಾಣ್ತದೆ. ಇದನ್ನು ಭಾವನಿಗೆ ವಿವರಿಸಿದಾಗ ಅವರು ಸುಮಾರು ಹೊತ್ತು ಸುಮ್ಮನೆ ಇದ್ರು, ಆಮೇಲೆ, ಇದನ್ನು ನೀನು ಏಪ್ರಿಲಿನಲ್ಲೇ ಹೇಳ್ಬೇಕಿತ್ತು ಅಂದ್ರು. ಹೌದು, ಹೇಳ್ಬೇಕಿತ್ತು.

ಅಕ್ಟೋಬರ್ 5ಕ್ಕೆ ಭಾವನ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಆಪರೇಷನ್, ಆಮೇಲೆ ಶುಗರ್ ಹಿಡಿತಕ್ಕೆ ಬರ್ಲಿಲ್ಲ ಅಂತ ಮತ್ತೂ ದಿನ ಆಸ್ಪತ್ರೆ. ರಾತ್ರಿ ಭಾವ ಅಲ್ಲೇ ಬೆಂಚಿನಲ್ಲಿ ಮಲಗುದು, ಹಗಲು ಅಂಗಡಿ. ಇಪ್ಪತ್ತು ದಿನ ಸೊನ್ನೆ. ಅಲ್ಲಲ್ಲ, ಪುಸ್ತಕ ಅಂಗಡಿಯಲ್ಲಿತ್ತು, ಸೊನ್ನೆ ಕೂಡ ಬರ್ದಿರ್ಲಿಲ್ಲ, ಖಾಲಿ. ಇದು ಇಲ್ಲಿಗೆ ಮುಗೀತು ಅಂತ ನಾನು ನಿಜವಾಗಿ ಎಣಿಸಿದ್ದೆ, ಆದ್ರೆ ಅಂಥ ಸಮಯದಲ್ಲಿ ಎಂತ ಹೇಳುದು, ಕೇಳ್ಲಿಕ್ಕೂ ಮನಸ್ಸು ಬರ್ಲಿಲ್ಲ. 25ನೇ ತಾರೀಕು, ಶುಕ್ರವಾರ, ರಾತ್ರಿ ಹತ್ತೂವರೆಗೆ ಫೋನ್ ಬಂತು. ದನಿ ಸಣ್ಣ ಮಾಡಿ ಮಾತಾಡ್ತಾ ಇದ್ರು, ಅಮ್ಮ ಮಲಗಿದ್ದಾರೆ, ಈಗ ಆಸ್ಪತ್ರೆ ವರಾಂಡದಲ್ಲಿ ಐದು ನಿಮಿಷ ನಡೆದೆ, ಪುಸ್ತಕ ಇಲ್ಲ, ನೀನು ಬರ್ದು ಇಡ್ತೀಯಾ?

ನಾನು ಕ್ಯಾಲೆಂಡರಿನ ಮೂಲೆಯಲ್ಲಿ ಬರ್ದಿಟ್ಟೆ.

ಆಮೇಲಿನದ್ದು ಬೇಗ ಹೇಳ್ತೇನೆ. ಡಿಸೆಂಬರಿನಲ್ಲಿ 7.4, 2025ರ ಜೂನಿನಲ್ಲಿ 7.0, ತೂಕ 81. ಮಧ್ಯಾಹ್ನ ಊಟ ಆದ ಕೂಡ್ಲೆ ಮಲಗುವ ಬದಲು ಅಂಗಳದಲ್ಲಿ ತುಳಸಿಕಟ್ಟೆಗೆ ಹತ್ತು ನಿಮಿಷ ಸುತ್ತು ಬರುದು ಜನವರಿಯಿಂದ ಸೇರಿತು, ಊಟದ ಮೇಲೆ ಸ್ನಾಯು ಕೆಲಸ ಮಾಡಿದ್ರೆ ರಕ್ತದ ಸಕ್ಕರೆಯನ್ನು ಅದೇ ಎಳ್ಕೊಳ್ತದೆ, ಹಾಗಾಗಿ ಅದೇ ಹತ್ತು ನಿಮಿಷ ಬೇರೆ ಹೊತ್ತಿಗಿಂತ ಊಟದ ಮೇಲೆ ಹೆಚ್ಚು ಉಪಯೋಗ. ಅದೂ ವಾರಕ್ಕೆ ನಾಲ್ಕು ದಿನ ಆದ್ರೆ ಹೆಚ್ಚು. ವಾರದ ಮೊತ್ತ ಈಗ 110, 120ರವರೆಗೆ ಬರ್ತದೆ, 150 ಇನ್ನೂ ಆಗ್ಲಿಲ್ಲ. ಭಾನುವಾರ ಇವತ್ತಿಗೂ ಹೆಚ್ಚಾಗಿ ಸೊನ್ನೆ. ಜಿಮ್ಮಿನ ಫೀಸು ಹೋದದ್ದು ಹೋಯ್ತು, ಶೂ ಮಾತ್ರ ಮಗಳು ಹಾಕಿ ಸವೆಸ್ತಿದ್ದಾಳೆ.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಭಾವನ ಅಮ್ಮ ವಾಕರ್ ಹಿಡ್ಕೊಂಡು ಕುರ್ಚಿಯ ಪಕ್ಕ ನಿಂತಿದ್ರು. ಆಪರೇಷನ್ ಆದ ಮೇಲೆ ಅವರದ್ದು ಒಂದೇ ಮಾತಾಗಿತ್ತು, ನೋವು ಪೂರ್ತಿ ಹೋಗ್ಲಿ, ಆಮೇಲೆ ನಡೆಯುವ. ಫಿಸಿಯೋದವರು ಹೇಳಿದ್ರೂ ಕೇಳಿರ್ಲಿಲ್ಲ, ನಾನು ಹೇಳಿದ್ರೂ ಕೇಳಿರ್ಲಿಲ್ಲ. ಭಾವ ಒಂದು ಕೈ ಅವರ ಬೆನ್ನ ಹಿಂದೆ ಇಟ್ಟು ತುಳುವಿನಲ್ಲಿ ಮೆಲ್ಲ ಹೇಳ್ತಾ ಇದ್ರು, ಬಾಗಿಲವರೆಗೆ ಸಾಕು ಅಮ್ಮ, ಇವತ್ತು ಬಾಗಿಲವರೆಗೆ ಬಂದ್ರೆ ಸಾಕು. ಬಾಗಿಲು ಮುಟ್ಟಿ ತಿರುಗಿ ಬಂದು ಕೂತ್ರು. ಭಾವ ಟೀಪಾಯಿಯ ಮೇಲಿದ್ದ ಉದ್ದ ಪುಸ್ತಕ ತೆಗೆದು ತನ್ನ ಕಾಲಂನ ಪಕ್ಕದಲ್ಲಿ ಸ್ಕೇಲ್ ಇಟ್ಟು ಎಳೆದಿದ್ದ ಇನ್ನೊಂದು ಕಾಲಂನಲ್ಲಿ ಬರೆದ್ರು: ಅಮ್ಮ, ಬಾಗಿಲು. ಅದರ ಮೇಲಿನ ಸಾಲಿನಲ್ಲಿ ಸೊನ್ನೆ ಇತ್ತು, ಅದಕ್ಕೂ ಮೇಲೆ ಬಾಗಿಲು, ಬಾಗಿಲು, ಸೊನ್ನೆ, ಕಿಟಕಿ.